ನಾರಣಪ್ಪನಿಗೆ ಮೈ ಬಂದಾಗ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಶುರುವಾಗುವ ಹೊತ್ತಿಗೆ, ಅಗ್ರಹಾರದಲ್ಲಿ ಆಚಾರ ಮುರಿದು ಬದುಕಿದ ನಾರಣಪ್ಪ ಸತ್ತಾಗಿದೆ. ಅವನೊಡನೆ ಬಾಳಿದ ಚಂದ್ರಿ ಬಂದು ಹೇಳುವ ಸಾವಿನ ಸುದ್ದಿಯೇ ಅವನ ಪ್ರವೇಶ. ಅಲ್ಲಿಂದ ಮುಂದೆ ಅವನು ಬದುಕುವುದೆಲ್ಲ ಅಗ್ರಹಾರದವರ ಬಾಯಲ್ಲಿ. ಗರುಡಾಚಾರ್ಯನ ನಾರಣಪ್ಪ ಒಬ್ಬ, ಲಕ್ಷ್ಮಣಾಚಾರ್ಯನ ನಾರಣಪ್ಪ ಇನ್ನೊಬ್ಬ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತಲೆಯೊಳಗೆ ಕೂತು ವಾದ ಹೂಡುವವನು ಮತ್ತೂ ಒಬ್ಬ. ಓದುವವರಿಗೆ ಅವನ ಮುಖ ಬೇಕು ಅನ್ನಿಸುವುದೇ ಇಲ್ಲ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದಾಗ ಆ ಪಾತ್ರಕ್ಕೆ ಬಂದವರು ಪಿ. ಲಂಕೇಶ್. ಅಷ್ಟಕ್ಕೇ ತಕ್ಕಡಿ ವಾಲಿತು. ಬೇರೆಯವರ ಮಾತಿನಲ್ಲಿ ಚದುರಿಕೊಂಡಿದ್ದ ಮನುಷ್ಯನಿಗೆ ಒಂದು ದೇಹ ಬಂತು, ದನಿ ಬಂತು, ನಿಲ್ಲುವ ಠೀವಿ ಬಂತು. ಕಾದಂಬರಿಯಲ್ಲಿ ನಾರಣಪ್ಪನ ಬಗ್ಗೆ ನಾಲ್ಕು ಜನರ ಅಭಿಪ್ರಾಯವನ್ನು ತೂಗಿ ನೋಡಬೇಕಿದ್ದವರು ಸಿನಿಮಾದಲ್ಲಿ ಅವನನ್ನೇ ನೇರ ನೋಡಿ ತೀರ್ಮಾನ ಮಾಡುತ್ತಾರೆ. ಚಿತ್ರ ಕೆಟ್ಟಿತು ಅನ್ನುತ್ತಿಲ್ಲ, ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರ ಅದು. ಆದರೆ ಅಲ್ಲಿ ಬದಲಾದದ್ದು ಏನು ಅನ್ನುವುದನ್ನು ಸರಿಯಾಗಿ ಗುರುತಿಸಬೇಕು. ಘಟನೆಗಳು ಹೆಚ್ಚುಕಡಿಮೆ ಇದ್ದಂತೆಯೇ ಇವೆ. ಬದಲಾದದ್ದು ಆ ಪಾತ್ರವನ್ನು ಯಾರು ನೋಡುತ್ತಿದ್ದಾರೆ ಅನ್ನುವುದು.

ಕಾದಂಬರಿ ಆಧಾರಿತ ಚಿತ್ರ ನೋಡಿ ಹೊರಬಂದವರು ಸಾಮಾನ್ಯವಾಗಿ ಮಾಡುವ ದೂರು ಬೇರೆ: ಆ ಪ್ರಸಂಗ ಬಿಟ್ಟಿದ್ದಾರೆ, ಈ ಪಾತ್ರ ತೆಗೆದಿದ್ದಾರೆ, ನಾಯಕಿ ಪುಸ್ತಕದಲ್ಲಿ ಇಷ್ಟು ಬೆಳ್ಳಗಿರಲಿಲ್ಲ. ಬಿಡದೆ ವಿಧಿಯಿಲ್ಲ, ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕನ್ನಡ ಕಾದಂಬರಿಯ ಒಂದು ಪುಟದಲ್ಲಿ ಸುಮಾರು 200ರಿಂದ 250 ಪದ. ಗಟ್ಟಿಯಾಗಿ ಓದಿದರೆ ಎರಡು ನಿಮಿಷ. 300 ಪುಟದ ಪುಸ್ತಕ ಅಂದರೆ ಹತ್ತು ಗಂಟೆಯ ಓದು. ಚಿತ್ರಕಥೆಯ ರೂಢಿಯ ಲೆಕ್ಕದಲ್ಲಿ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ, ಎರಡೂವರೆ ಗಂಟೆಗೆ 150 ಪುಟ. ರೀಲಿನ ಕಾಲದಲ್ಲಿ ಇದು ಇನ್ನೂ ಕಣ್ಣಿಗೆ ಕಾಣುತ್ತಿತ್ತು. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ, ಎರಡೂವರೆ ಗಂಟೆಗೆ 13,500 ಅಡಿ. ಕಾದಂಬರಿಯ ಮುಕ್ಕಾಲು ಪಾಲು ಎಡಿಟಿಂಗ್ ಟೇಬಲ್ಲಿಗೆ ಬರುವ ಮೊದಲೇ, ಕಾಗದದ ಮೇಲೇ ಉದುರಿಹೋಗಬೇಕು. ಹಾಗಾಗಿ ಏನು ಬಿಟ್ಟರು ಅನ್ನುವುದಕ್ಕಿಂತ ಉಳಿದ ಕಾಲುಭಾಗದಲ್ಲಿ ಪಾತ್ರವನ್ನು ಹೇಗೆ ಹಿಡಿದರು ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಚಿತ್ರಕಥೆ ಬರೆಯುವವರಿಗೆ ಇದಕ್ಕೊಂದು ಸರಳ ಕಸರತ್ತಿದೆ. ಒಂದು ಪಾತ್ರವನ್ನು ತೆಗೆದುಕೊಂಡು, ಪುಸ್ತಕದಲ್ಲಿ ಅದರ ಬಗ್ಗೆ ಬರುವ ಪ್ರತಿ ಸಾಲನ್ನೂ ಮೂರು ಕಾಲಮ್ಮಿನಲ್ಲಿ ಬರೆಯುತ್ತಾ ಹೋಗಬೇಕು. ಮೊದಲನೆಯದರಲ್ಲಿ ಪಾತ್ರ ಮಾಡುವುದು, ಆಡುವುದು. ಎರಡನೆಯದರಲ್ಲಿ ಬೇರೆಯವರು ಅದರ ಬಗ್ಗೆ ಹೇಳುವುದು. ಮೂರನೆಯದರಲ್ಲಿ ಲೇಖಕರು ನೇರವಾಗಿ ಹೇಳುವುದು ಮತ್ತು ಪಾತ್ರ ಮನಸ್ಸಿನಲ್ಲೇ ಅಂದುಕೊಳ್ಳುವುದು. ಮೊದಲ ಕಾಲಮ್ಮು ತಾನಾಗಿ ಸೀನುಗಳಾಗುತ್ತದೆ. ಎರಡನೆಯದು ಸಂಭಾಷಣೆಯಾಗುತ್ತದೆ. ಮೂರನೆಯದು ಉದ್ದವಿದ್ದಷ್ಟೂ ತಲೆನೋವು ಹೆಚ್ಚು, ಏಕೆಂದರೆ ಕ್ಯಾಮೆರಾಕ್ಕೆ ‘ಅಂದುಕೊಂಡ’ ಅನ್ನುವ ಕ್ರಿಯಾಪದವೇ ಇಲ್ಲ.

ಈ ಕಾಲಮ್ಮುಗಳಲ್ಲಿ ಶಿವರಾಮ ಕಾರಂತರ ಚೋಮನನ್ನು ಬರೆದು ನೋಡಿ. 1933ರ ಪುಟ್ಟ ಕಾದಂಬರಿ. ತನ್ನದೊಂದು ತುಂಡು ನೆಲ ಉಳಬೇಕು ಎಂಬ ಆಸೆ, ಅದಕ್ಕೆ ಅಡ್ಡ ನಿಂತ ಜಾತಿ, ಒಬ್ಬೊಬ್ಬರಾಗಿ ಕೈತಪ್ಪುವ ಮಕ್ಕಳು. ಮೂರನೆಯ ಕಾಲಮ್ಮಿಗೆ ಹೋಗಬೇಕಾದ ಅವನ ಒಳಗುದಿಯೆಲ್ಲ ಮೊದಲನೆಯ ಕಾಲಮ್ಮಿನಲ್ಲೇ ಕೂತಿದೆ, ದುಡಿಯ ರೂಪದಲ್ಲಿ. ಸಿಟ್ಟಿಗೂ ದುಡಿ, ದುಃಖಕ್ಕೂ ದುಡಿ, ಹೆಂಡದ ಅಮಲಿಗೂ ದುಡಿ. ಚೋಮ ಬಾಯಿಬಿಟ್ಟು ಹೇಳಲಾರದ್ದನ್ನು ಕಾರಂತರು ಚರ್ಮವಾದ್ಯಕ್ಕೆ ಕೊಟ್ಟುಬಿಟ್ಟಿದ್ದಾರೆ. 1975ರಲ್ಲಿ ಚಿತ್ರ ಮಾಡಿದ ಬಿ.ವಿ. ಕಾರಂತರು ರಂಗಸಂಗೀತದ ಮನುಷ್ಯ, ಈ ಸುಳಿವು ಅವರ ಕೈತಪ್ಪುವ ಹಾಗೇ ಇರಲಿಲ್ಲ. ವಾಸುದೇವ ರಾವ್ ಅವರ ಚೋಮನಿಗೆ ರಾಷ್ಟ್ರಪ್ರಶಸ್ತಿ ಬಂತು. ಅವರು ಮಾತಾಡುವಾಗಿನದಕ್ಕಿಂತ ಬಾರಿಸುವಾಗ ಹೆಚ್ಚು ಹೇಳುತ್ತಾರೆ. ಮುಖ ಬಿಗಿದುಕೊಂಡೇ ಇರುತ್ತದೆ, ಕೈ ಮಾತ್ರ ಸುಳ್ಳು ಹೇಳುವುದಿಲ್ಲ. ಕಾದಂಬರಿಯನ್ನು ತೆರೆಗೆ ತರುವವರು ಪುಸ್ತಕದಲ್ಲಿ ಮೊದಲು ಹುಡುಕಬೇಕಾದದ್ದು ಇಂಥ ವಸ್ತುವನ್ನೇ: ಪಾತ್ರದ ಒಳಗನ್ನು ಲೇಖಕರು ಆಗಲೇ ಯಾವುದಕ್ಕಾದರೂ ಹಚ್ಚಿಟ್ಟಿದ್ದಾರೆಯೇ?

ಭೈರಪ್ಪನವರ ‘ಗೃಹಭಂಗ’ದ ನಂಜಮ್ಮನಲ್ಲೂ ಅಂಥದ್ದೊಂದಿದೆ. ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ. ಲೆಕ್ಕ ಬರೆಯುವವಳು ಅವಳು. ಆ ಲೆಕ್ಕದ ಪುಸ್ತಕ, ಅವಳ ಬರಹ, ಅದರ ಮೇಲೆ ಅವನ ಹೆಸರು, ಇಷ್ಟನ್ನು ತೋರಿಸಿದರೆ ಆ ಮನೆಯ ಸ್ಥಿತಿ ಯಾರೂ ಬಾಯಿಬಿಡದೆ ತಿಳಿಯುತ್ತದೆ. ಗಿರೀಶ ಕಾಸರವಳ್ಳಿ ಇದನ್ನು ಧಾರಾವಾಹಿಯಾಗಿ ಮಾಡಿದ್ದು, ಮಾಳವಿಕಾ ಅವಿನಾಶ್ ನಂಜಮ್ಮನಾದದ್ದು, ನನ್ನ ಮಟ್ಟಿಗೆ ಸರಿಯಾದ ಆಯ್ಕೆ. ನಂಜಮ್ಮನ ದೊಡ್ಡತನ ಒಂದೆರಡು ಭಾರೀ ಸೀನುಗಳಲ್ಲಿ ಇಲ್ಲ. ದಿನಬೆಳಗಾದರೆ ಅದೇ ಅತ್ತೆ, ಅದೇ ಬೈಗುಳ, ಅದೇ ಒಲೆ ಅನ್ನುವುದರಲ್ಲಿ ಇದೆ. ಎರಡೂವರೆ ಗಂಟೆಯ ಸಿನಿಮಾ ಈ ಪುನರಾವರ್ತನೆಯನ್ನು ಎರಡು ನಿಮಿಷದ ಮಾಂಟೇಜಿಗೆ ಇಳಿಸಿಬಿಡುತ್ತದೆ, ಅಲ್ಲಿಗೆ ಅವಳು ಬರೀ ಪಾಪದ ಹೆಂಗಸಾಗುತ್ತಾಳೆ.

ಎಲ್ಲ ಪಾತ್ರಕ್ಕೂ ದುಡಿ ಇರುವುದಿಲ್ಲ. ಪ್ರಾಣೇಶಾಚಾರ್ಯರಿಗಿಲ್ಲ. ಅವರ ಮೂರನೆಯ ಕಾಲಮ್ಮು ಉಳಿದೆರಡನ್ನೂ ಸೇರಿಸಿದ್ದಕ್ಕಿಂತ ಉದ್ದ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂದು ಮಾರುತಿಯ ಗುಡಿಯಲ್ಲಿ ಅವರು ದೇವರ ಅಪ್ಪಣೆಗೆ ಕಾಯುವ ಭಾಗವನ್ನೇ ನೋಡಿ. ಪುಸ್ತಕದಲ್ಲಿ ಆ ಕಾಯುವಿಕೆಯೊಳಗೆ ಒಂದಿಡೀ ಬದುಕಿನ ತರ್ಕ ಹರಿಯುತ್ತಿರುತ್ತದೆ. ತೆರೆಯ ಮೇಲೆ ಉಳಿಯುವುದು ಒಬ್ಬ ಮನುಷ್ಯ, ಒಂದು ಕಲ್ಲಿನ ವಿಗ್ರಹ, ಬೀಳದ ಹೂವು.

ಇಂಥ ಕಡೆ ಹತ್ತಿರಕ್ಕೆ ಸಿಗುವ ಉಪಾಯಗಳು ನಾಲ್ಕೈದು, ಪ್ರತಿಯೊಂದಕ್ಕೂ ತೆರಬೇಕಾದ ಬೆಲೆ ಬೇರೆ. ಹಿನ್ನೆಲೆ ದನಿಯಲ್ಲಿ ಪುಸ್ತಕದ ವಾಕ್ಯಗಳನ್ನೇ ಓದಿಸಬಹುದು. ಆದರೆ ಕಾಣುತ್ತಿರುವುದನ್ನೇ ದನಿಯೂ ಹೇಳಿದರೆ ಎರಡರಲ್ಲಿ ಒಂದು ದಂಡ. ಚಿತ್ರ ಒಂದು ಹೇಳುತ್ತಿರುವಾಗ ದನಿ ಇನ್ನೊಂದು ಹೇಳಿದರೆ ಮಾತ್ರ ಅದಕ್ಕೆ ಅಲ್ಲಿ ಕೆಲಸ. ಪಾತ್ರಕ್ಕೊಬ್ಬ ಗೆಳೆಯನನ್ನು ಹುಟ್ಟಿಸಿ ಮನಸ್ಸಿನ ಮಾತನ್ನೆಲ್ಲ ಅವನ ಮುಂದೆ ಆಡಿಸಬಹುದು. ಆಗ ಒಂಟಿತನದ ಕಥೆಯಲ್ಲಿ ನಾಯಕ ಒಂಟಿಯಾಗಿರುವುದಿಲ್ಲ. ಕ್ಲೋಸ್‌ಅಪ್ಪಿನಲ್ಲಿ ಮುಖವನ್ನು ಹೆಚ್ಚು ಹೊತ್ತು ಹಿಡಿಯಬಹುದು. ಆ ಮುಖ ಆಗ ಏನು ಯೋಚಿಸುತ್ತಿದೆ ಅನ್ನುವುದು ಅದರ ಹಿಂದಿನ ಮತ್ತು ಮುಂದಿನ ಶಾಟಿನಿಂದ ಗೊತ್ತಾಗಬೇಕು, ಇಲ್ಲದಿದ್ದರೆ ನಟ ಬೇಸರಪಟ್ಟುಕೊಂಡು ಕೂತಂತೆ ಕಾಣುತ್ತದೆ.

ಅನಂತಮೂರ್ತಿಯವರೇ ಚಿತ್ರಕ್ಕೆ ಒಂದು ಉಪಕಾರ ಮಾಡಿಟ್ಟಿದ್ದಾರೆ ಅನ್ನುವುದು ಇಲ್ಲಿ ಗಮನಿಸುವಂಥದ್ದು. ಕಾದಂಬರಿಯ ಕೊನೆಯ ಭಾಗದಲ್ಲಿ ದಾರಿಯಲ್ಲಿ ಗಂಟುಬೀಳುವ ಮಾಲೇರ ಪುಟ್ಟ ಇದ್ದಾನಲ್ಲ, ಬಾಯಿ ಮುಚ್ಚದವನು, ಬೇಡವೆಂದರೂ ಬಿಡದವನು. ಆಚಾರ್ಯರು ಯೋಚನೆಯಲ್ಲಿ ಮುಳುಗಿದಷ್ಟೂ ಅವನು ಜಾತ್ರೆ, ಕಾಫಿ, ಊಟ ಅಂತ ಹೊರಕ್ಕೆ ಎಳೆಯುತ್ತಾನೆ. ಸೂತಕದಲ್ಲಿದ್ದುಕೊಂಡೇ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕೂರುವ ಭಯವಂತೂ ಒಂದು ಮಾತಿಲ್ಲದೆ ತೋರಿಸಬಹುದಾದದ್ದು. ಬೆನ್ನು, ಎಲೆ, ಅಕ್ಕಪಕ್ಕದವರ ಕಣ್ಣು ಸಾಕು. ಚಿತ್ರಕಥೆಗಾರ ಒದ್ದಾಡಿ ಹುಟ್ಟಿಸಬೇಕಿದ್ದ ಜೊತೆಗಾರ ಪುಸ್ತಕದಲ್ಲೇ ಇದ್ದಾನೆ, ಅದೂ ಮನಸ್ಸಿನ ಮಾತು ಹೇಳಿಕೊಳ್ಳಲಾಗದಂಥ ಜೊತೆಗಾರ. ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರ ಕೈ ಚಿತ್ರಕಥೆಯಲ್ಲೂ ಇತ್ತು. ನಾಟಕಕಾರನಿಗೆ ಪುಟ್ಟನ ಬೆಲೆ ಗೊತ್ತಾಗದೆ ಇರುತ್ತದೆಯೇ?

ಚಂದ್ರಿಯ ವಿಷಯ ಇನ್ನೂ ಸೂಕ್ಷ್ಮ. ಪುಸ್ತಕದಲ್ಲಿ ಅವಳ ಚೆಲುವನ್ನು ನಾವು ಕಾಣುವುದು ಹೆಚ್ಚಾಗಿ ಗಂಡಸರ ಆಸೆಗಣ್ಣಿನ ಮೂಲಕ. ದುರ್ಗಾಭಟ್ಟನಿಗೆ ಅವಳು ರವಿವರ್ಮನ ಮತ್ಸ್ಯಗಂಧಿಯಂತೆ ಕಾಣುತ್ತಾಳೆ. ಆ ವರ್ಣನೆ ಚಂದ್ರಿಯ ಬಗ್ಗೆ ಎಷ್ಟು ಹೇಳುತ್ತದೋ ದುರ್ಗಾಭಟ್ಟನ ಬಗ್ಗೆ ಅದರ ಎರಡರಷ್ಟು ಹೇಳುತ್ತದೆ. ಕ್ಯಾಮೆರಾ ನೇರವಾಗಿ ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರ ಮೇಲೆ ನಿಂತರೆ ಆ ಕಣ್ಣು ಯಾರದು? ದುರ್ಗಾಭಟ್ಟ ಕಿಟಕಿಯಲ್ಲೋ ಕಂಬದ ಮರೆಯಲ್ಲೋ ಫ್ರೇಮಿನ ಒಂದು ಮೂಲೆಯಲ್ಲಿ ಇರಲೇಬೇಕು. ಅವನಿಲ್ಲದಿದ್ದರೆ ಆಸೆಗಣ್ಣು ಚಿತ್ರದ್ದೇ ಆಗಿ, ಕೊನೆಗೆ ನಮ್ಮದೇ ಆಗಿಬಿಡುತ್ತದೆ. ಪುಸ್ತಕದಲ್ಲಿ ಹೆಣ್ಣನ್ನು ವ್ಯಂಗ್ಯದಿಂದ ವರ್ಣಿಸಿದ ಭಾಗಗಳು ತೆರೆಗೆ ಬಂದಾಗ ಬರೀ ಅಂಗಾಂಗ ಪ್ರದರ್ಶನವಾಗುವುದು ಹೀಗೆ. ವ್ಯಂಗ್ಯ ವಾಕ್ಯದಲ್ಲಿತ್ತು, ವಾಕ್ಯ ಹೋಯಿತು, ವರ್ಣನೆ ಉಳಿಯಿತು.

ನೋಡುವ ಕಣ್ಣು ಮಗುವಿನದಾದರೆ ಚಿತ್ರಕ್ಕೆ ಒಂದು ಅನುಕೂಲ, ಒಂದು ಅಪಾಯ. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಕಾಸರವಳ್ಳಿ 1977ರಲ್ಲಿ ಕಪ್ಪು ಬಿಳುಪಿನಲ್ಲಿ ಮಾಡಿದರು. ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿ, ಅಲ್ಲಿನ ಉಪಾಧ್ಯರ ವಿಧವೆ ಮಗಳು ಯಮುನಕ್ಕ. ಅವಳು ಬಸಿರಾಗುವುದು, ಅದನ್ನು ಇಳಿಸಿಕೊಳ್ಳುವುದು, ಬದುಕಿರುವಾಗಲೇ ಅವಳ ಶ್ರಾದ್ಧ ಆಗುವುದು. ಇದರಲ್ಲಿ ಅರ್ಧ ನಾಣಿಗೆ ಅರ್ಥವಾಗುವುದಿಲ್ಲ. ಅರ್ಥವಾಗದವನ ಮಾತಿನಲ್ಲಿ ಹೇಳಿದಾಗ ಓದುಗ ತಾನೇ ಬಿಟ್ಟ ಸ್ಥಳ ತುಂಬಿಕೊಳ್ಳುತ್ತಾನೆ. ಕ್ಯಾಮೆರಾ ಮಾತ್ರ ನಾಣಿಗೆ ಅರ್ಥವಾಗದ್ದನ್ನೂ ನಿಚ್ಚಳವಾಗಿ ತೋರಿಸಿಬಿಡುತ್ತದೆ, ಅಪಾಯ ಅದು. ಅನುಕೂಲವೆಂದರೆ, ಹುಡುಗನನ್ನು ಫ್ರೇಮಿನೊಳಗೇ ಇಟ್ಟುಕೊಂಡರೆ ನಾವು ಯಮುನೆಯನ್ನು ನೋಡುತ್ತಲೇ ಅವಳನ್ನು ನೋಡುತ್ತಿರುವ ಅವನನ್ನೂ ನೋಡುತ್ತೇವೆ. ಊರು ಅವಳನ್ನು ನೋಡುವ ರೀತಿ ಒಂದು, ಅವನು ನೋಡುವ ರೀತಿ ಇನ್ನೊಂದು. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನನ್ನು ಅವನು ದಾಟಿಹೋಗುವ ಹೊತ್ತಿಗೆ ಆ ಇನ್ನೊಂದು ಕಣ್ಣೂ ಅವಳಿಂದ ದೂರವಾಗುತ್ತದೆ. ಮೀನಾ ಕುಟ್ಟಪ್ಪ ಅಲ್ಲಿ ಏನೂ ‘ಅಭಿನಯಿಸುವುದಿಲ್ಲ’, ಅದಕ್ಕೇ ಆ ದೃಶ್ಯ ತಡೆದುಕೊಳ್ಳಲಾಗದು.

ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕೂಡ ಹುಡುಗ ಕಿಟ್ಟಿಯ ಕಣ್ಣಿನದೇ. ಕಾರ್ನಾಡರ 1973ರ ಚಿತ್ರ ಅವನನ್ನು ಉಳಿಸಿಕೊಂಡಿತು. ಮಕ್ಕಳ ಕಣ್ಣಿನ ಕಥೆ ತೆಗೆಯುವವರು ನೆನಪಿಡಬೇಕಾದ್ದು ಚಿಕ್ಕ ವಿಷಯ, ಆದರೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ: ಕ್ಯಾಮೆರಾದ ಎತ್ತರ. ದೊಡ್ಡವರ ಎದೆಮಟ್ಟದಲ್ಲಿ ಸ್ಟ್ಯಾಂಡು ನಿಲ್ಲಿಸಿ ತೆಗೆದರೆ ಮಗು ಯಾವಾಗಲೂ ಮೇಲಿನಿಂದ ಕಂಡ ಮಗುವೇ, ಕರುಣೆಗೆ ಪಾತ್ರ. ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ದೊಡ್ಡವರು ಸೊಂಟ, ಕೈ, ಮೇಲಿಂದ ಇಳಿಯುವ ಮಾತು ಆಗುತ್ತಾರೆ.

ಹಾಡು ಇರುವ ಸಿನಿಮಾದ ದಾರಿಯೇ ಬೇರೆ, ಅದನ್ನು ಕೀಳಾಗಿ ಕಾಣುವುದು ನಮ್ಮ ಕೆಲವು ವಿಮರ್ಶಕರ ಹಳೆಯ ಚಟ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದವಳು. ಗುಣವಾದ ಮೇಲೆಯೇ ಅವಳ ನಿಜವಾದ ಕಷ್ಟ ಶುರು. ಎಲ್ಲರೂ ಅವಳನ್ನು ಹುಚ್ಚಿ ಎಂದೇ ನೋಡುತ್ತಾರೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಇದನ್ನು ಉದ್ವೇಗವಿಲ್ಲದ ಗದ್ಯದಲ್ಲಿ ಹೇಳಿದರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಆ ಗದ್ಯದ ಜಾಗದಲ್ಲಿ ಕಲ್ಪನಾ ಅವರ ಕಣ್ಣನ್ನೂ ನಗುವನ್ನೂ ಇಟ್ಟರು, ಜೊತೆಗೆ ಹದಿನಾಲ್ಕು ವರ್ಷದ ವನವಾಸದಿಂದ ಮರಳಿದ ಸೀತೆಯ ಹಾಡನ್ನು ಇಟ್ಟರು. ಲೇಖಕಿ ಅರ್ಧ ಅಧ್ಯಾಯದಲ್ಲಿ ಕಟ್ಟಬೇಕಾದದ್ದನ್ನು ಹಾಡು ನಾಲ್ಕು ನಿಮಿಷದಲ್ಲಿ ಕಟ್ಟುತ್ತದೆ: ಮನೆಗೆ ಬಂದರೂ ನಂಬಿಕೆ ಸಿಗದ ಹೆಣ್ಣು. ಇಲ್ಲಿ ಒಂದು ಕಳೆಯುತ್ತದೆ, ಒಂದು ಕೂಡುತ್ತದೆ. ತ್ರಿವೇಣಿಯ ಕಾವೇರಿ ರೋಗಿ. ರೋಗಕ್ಕೆ ಕಾರಣವಿದೆ, ಮದ್ದಿದೆ, ತಪ್ಪು ಊರಿನದು. ಪುಟ್ಟಣ್ಣನವರ ಕಾವೇರಿ ಸೀತೆ. ಸೀತೆಗೆ ಮದ್ದಿಲ್ಲ, ಭೂಮಿ ಬಾಯಿಬಿಡುವುದೊಂದೇ ಉಳಿದಿರುವುದು. ಪುರಾಣ ಬಂದ ಕೂಡಲೇ ಪಾತ್ರ ದೊಡ್ಡದಾಯಿತು, ಬಿಡುಗಡೆಯ ಬಾಗಿಲು ಮುಚ್ಚಿತು. ನನಗೆ ಎರಡು ಕಾವೇರಿಯರೂ ಬೇಕು. ಆದರೆ ಇಬ್ಬರೂ ಒಬ್ಬಳೇ ಎಂದು ಯಾರಾದರೂ ಹೇಳಿದರೆ ಪುಸ್ತಕ ಓದಿಲ್ಲ ಅಂದುಕೊಳ್ಳುತ್ತೇನೆ.

ಅದೇ ಪುಟ್ಟಣ್ಣನವರ ‘ನಾಗರಹಾವು’ ಬಗ್ಗೆ ಮೂಲ ಲೇಖಕ ತ.ರಾ.ಸು. ಸಿಟ್ಟಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾಗರಹಾವನ್ನು ಕೆರೆಹಾವು ಮಾಡಿದರು ಅನ್ನುವ ಮಾತು ಅವರ ಹೆಸರಿನಲ್ಲಿ ಇವತ್ತಿಗೂ ಓಡಾಡುತ್ತದೆ. ಈ ಜಗಳವನ್ನು ಅಹಂಕಾರಗಳ ತಿಕ್ಕಾಟ ಎಂದು ನೋಡುವುದಕ್ಕಿಂತ ಕಸುಬಿನ ಲೆಕ್ಕದಲ್ಲಿ ನೋಡಿದರೆ ಹೆಚ್ಚು ಸಿಗುತ್ತದೆ. ಚಿತ್ರಕ್ಕೆ ಹೋದದ್ದು ಒಂದು ಕಾದಂಬರಿಯಲ್ಲ, ಮೂರು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಒಂದೊಂದು ಪುಸ್ತಕಕ್ಕೂ ತನ್ನದೇ ಆರಂಭ, ತನ್ನದೇ ಕೊನೆ. ಒಂದು ಮುಗಿಸಿ ಇನ್ನೊಂದು ಎತ್ತಿಕೊಳ್ಳುವ ಓದುಗನಿಗೆ ನಡುವೆ ಕಥಾನಾಯಕ ರಾಮಾಚಾರಿ ಬೆಳೆಯಲು, ತಣಿಯಲು, ಮತ್ತೆ ಕುದಿಯಲು ಸಮಯ ಸಿಗುತ್ತದೆ. ಸಿನಿಮಾದಲ್ಲಿ ಅವನು ಪ್ರೀತಿಸುವ ಇಬ್ಬರಲ್ಲಿ ಅಲಮೇಲು ಇಂಟರ್ವಲ್ಲಿನ ಆಚೆ, ಮಾರ್ಗರೆಟ್ ಈಚೆ. ನಡುವೆ ಉಳಿದದ್ದು ಹತ್ತು ನಿಮಿಷದ ಕಾಫಿ. ಸಿಟ್ಟು ಇಳಿಯಲು ಅವಕಾಶವಿಲ್ಲದ ಕಾರಣ ಸಿಟ್ಟೇ ಅವನ ಸ್ವಭಾವವಾಯಿತು, ಹಾವಿನ ದ್ವೇಷದ ಹಾಡು ಅದಕ್ಕೆ ಮೊಹರು ಒತ್ತಿತು. ಪುಸ್ತಕದಲ್ಲಿ ಕಾರಣಗಳಿಂದ ಕಟ್ಟಿದ್ದ ಮನುಷ್ಯ ತೆರೆಯ ಮೇಲೆ ಒಂದು ಗುಣದಿಂದ ಕಟ್ಟಿದವನಾದ. ಬರೆದವರಿಗೆ ನೋವಾದದ್ದು ಸಹಜ.

ಆದರೆ ಚಿತ್ರದಲ್ಲಿ ಪುಸ್ತಕವನ್ನು ಮೀರಿದವರು ಒಬ್ಬರಿದ್ದಾರೆ, ಚಾಮಯ್ಯ ಮೇಷ್ಟ್ರು. ಕೆ.ಎಸ್. ಅಶ್ವಥ್ ಅವರ ಇಳಿದನಿ, ಕೋಟು, ಬಗ್ಗಿದ ನಡಿಗೆ, ಇವುಗಳಿಂದ ಆ ಪಾತ್ರ ಎಷ್ಟು ಒಳ್ಳೆಯದಾಗಿ ಕಾಣುತ್ತದೆಂದರೆ, ರಾಮಾಚಾರಿಯ ಬದುಕು ಹಾಳಾದದ್ದು ಮೇಷ್ಟ್ರ ಮಾತಿನಿಂದಲೇ ಎಂದು ನೋಡುವವರಿಗೆ ಒಪ್ಪಿಕೊಳ್ಳಲು ಬಹಳ ಹೊತ್ತು ಬೇಕಾಗುತ್ತದೆ. ಆ ತಡವೇ ಚಿತ್ರದ ಗೆಲುವು. ಪಾತ್ರಹಂಚಿಕೆ ಕಥೆಗೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ನನಗೆ ಹೊಳೆಯುವುದಿಲ್ಲ. ಕೇಡು ಮಾಡುವ ಸಜ್ಜನನಿಗೆ ಸಜ್ಜನಿಕೆಯ ಮುಖವನ್ನೇ ಕೊಡಬೇಕು. ಮುಖದಲ್ಲೇ ಅನುಮಾನ ಇಟ್ಟರೆ ಮೊದಲ ರೀಲಿನಲ್ಲೇ ಕಥೆ ಮುಗಿಯಿತು.

ಒಮ್ಮೆ ಮುಖ ಬಿದ್ದರೆ ಬಿದ್ದ ಹಾಗೇ. ಇವತ್ತು ಯಾರಾದರೂ ಆ ಕಾದಂಬರಿ ಎತ್ತಿಕೊಂಡರೆ ವಿಷ್ಣುವರ್ಧನ್ ಇಲ್ಲದ ರಾಮಾಚಾರಿಯನ್ನು ಕಲ್ಪಿಸಿಕೊಳ್ಳಲಾರರು. ‘ಮಾಲ್ಗುಡಿ ಡೇಸ್’ ಓದುವ ನಮ್ಮ ಪೀಳಿಗೆಯ ಯಾರಿಗೂ ಸ್ವಾಮಿ ಅಂದರೆ ಮಂಜುನಾಥ್, ಮಾಲ್ಗುಡಿ ಅಂದರೆ ಶಂಕರನಾಗ್ ತಮ್ಮ ಧಾರಾವಾಹಿಗೆ ಕಂಡ ಆಗುಂಬೆ. ಆರ್.ಕೆ. ನಾರಾಯಣರ ಮಾಲ್ಗುಡಿ ಮಲೆನಾಡಲ್ಲ, ಅಲ್ಲಿ ಆ ಮಳೆ ಇಲ್ಲ. ಆದರೂ ಅದು ಒಪ್ಪಿತು, ಏಕೆಂದರೆ ಬೀದಿಯ ಅಗಲ, ಜಗುಲಿಯ ಎತ್ತರ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಅಳತೆ ಸರಿಯಾಗಿತ್ತು.

ಸಣ್ಣಪುಟ್ಟ ಸಂಗತಿಗಳಲ್ಲಿ ಪಾತ್ರ ಕೆಡುವುದೂ ಹೆಚ್ಚು. ಬಡವನ ಪಂಚೆ ಅಂಗಡಿಯ ಮಡಿಕೆಯ ಗೆರೆಯೊಂದಿಗೆ ಬಂದರೆ ಆ ಬಡತನವನ್ನು ಯಾರೂ ನಂಬುವುದಿಲ್ಲ. ಬಿಳಿ ಬಟ್ಟೆಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸುವುದು ಹಳೆಯ ರೂಢಿ. ಬಟ್ಟೆ ಹಳತಾಗಿ ಕಾಣುತ್ತದೆ, ಬೆಳಕಿಗೆ ಕಣ್ಣು ಕುಕ್ಕುವುದೂ ತಪ್ಪುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನಂತೆ ಬಾಲ್ಯದಿಂದ ಮುಪ್ಪಿನವರೆಗೆ ಹೋಗುವ ಪಾತ್ರಕ್ಕೆ ಒಬ್ಬರಿಗಿಂತ ಹೆಚ್ಚು ನಟಿಯರು ಬೇಕಾಗುತ್ತಾರೆ. ಆಗ ಮುಖದ ಹೋಲಿಕೆಗೆ ಒದ್ದಾಡುವುದಕ್ಕಿಂತ ಕೆಲಸ ಮಾಡುವ ಕೈಯ ರೀತಿ, ಕೂರುವ ಭಂಗಿ, ಇಂಥ ಒಂದನ್ನು ಎಲ್ಲರಲ್ಲೂ ಒಂದೇ ಥರ ಇಡುವುದು ಮೇಲು. ಇನ್ನು ಭಾಷೆ. ಪುಸ್ತಕದಲ್ಲಿ ನಿರೂಪಣೆ ಗ್ರಂಥಕನ್ನಡದಲ್ಲಿದ್ದು ಮಾತು ಮಾತ್ರ ಪ್ರಾದೇಶಿಕವಾಗಿದ್ದರೆ ಓದುಗನಿಗೆ ಎರಡರ ನಡುವಿನ ಅಂತರವೇ ಒಂದು ಅರ್ಥ ಕೊಡುತ್ತದೆ. ಸಿನಿಮಾದಲ್ಲಿ ನಿರೂಪಣೆ ಇಲ್ಲ, ಮಾತಷ್ಟೇ. ಅದನ್ನೂ ಬೆಂಗಳೂರಿನ ಡಬ್ಬಿಂಗ್ ಕನ್ನಡಕ್ಕೆ ಸಪಾಟು ಮಾಡಿದರೆ ಪಾತ್ರ ಯಾವ ಊರಿನದೂ ಆಗದೆ ತೇಲುತ್ತದೆ. ಇಂಥ ಕಡೆ ನಟರಿಗೆ ಪದಪಟ್ಟಿ ಕೊಟ್ಟರೆ ಸಾಲದು. ವಾಕ್ಯ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಆ ಊರಿನವರ ಬಾಯಿಂದಲೇ ಕೇಳಿಸಬೇಕು.

ಮುಖ್ಯ ಪಾತ್ರವೇ ಅದಲುಬದಲಾಗುವ ಸಂದರ್ಭಗಳೂ ಇವೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಗೆ ಹೆಸರು ಹೆಗ್ಗಡಿತಿ ಸುಬ್ಬಮ್ಮನದು, ಒಳಗಿನ ನಡೆ ಓದಿದ ತರುಣ ಹೂವಯ್ಯನದು. ಹೂವಯ್ಯ ಬದಲಾಗುವುದು ಕಾಡಿನಲ್ಲಿ, ಪುಸ್ತಕದಲ್ಲಿ, ಏಕಾಂತದಲ್ಲಿ, ಅಂದರೆ ಪೂರ್ತಿ ಮೂರನೆಯ ಕಾಲಮ್ಮಿನಲ್ಲಿ. ಹೆಗ್ಗಡಿತಿಯ ಗಂಡ ಚಂದ್ರಯ್ಯಗೌಡನ ಸಂಶಯ, ಸುಬ್ಬಮ್ಮನ ಮೇಲಿನ ದಬ್ಬಾಳಿಕೆ, ಮನೆ ಪಾಲಾಗುವುದು, ಇವೆಲ್ಲ ಮೊದಲನೆಯದರಲ್ಲಿ. 1999ರಲ್ಲಿ ಕಾರ್ನಾಡರು ಚಿತ್ರ ಮಾಡಿ ತಾವೇ ಗೌಡನಾದಾಗ, ತಾರಾ ಸುಬ್ಬಮ್ಮನಾದಾಗ, ತೂಕ ಆ ಕಡೆಗೇ ಸರಿಯಿತು. ಹೂವಯ್ಯ ಒಳ್ಳೆಯ ಹುಡುಗನಾಗಿ ಬದಿಗೆ ನಿಂತ. ಕುವೆಂಪು ಭಕ್ತರಿಗೆ ಬೇಸರವಾಗಿದ್ದರೆ ಅಚ್ಚರಿಯಿಲ್ಲ. ನನ್ನ ತಕರಾರು ಬೇರೆ. ಹೂವಯ್ಯನನ್ನು ಕಿರಿದಾಗಿಸಿದ್ದಲ್ಲ, ಕಿರಿದಾಗಿಸಿಯೂ ಪೂರ್ತಿ ಬಿಡದೆ ಇಟ್ಟುಕೊಂಡದ್ದು. ಅರ್ಧ ಉಳಿದ ಪಾತ್ರ ಕಥೆಯಲ್ಲಿ ನೆಂಟನ ಹಾಗೆ ಓಡಾಡುತ್ತದೆ.

‘ಮಲೆಗಳಲ್ಲಿ ಮದುಮಗಳು’ ಇನ್ನೂ ಕಠಿಣ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಮೊದಲ ಪುಟದಲ್ಲೇ ಘೋಷಿಸಿದ್ದಾರೆ. ಪೋಸ್ಟರಿನ ಮೇಲೆ ಯಾರ ಮುಖ ಹಾಕಬೇಕೆಂದು ಕೇಳುವ ಉದ್ಯಮಕ್ಕೆ ಇದಕ್ಕಿಂತ ದೊಡ್ಡ ಸವಾಲಿಲ್ಲ. ಅದಕ್ಕೆ ಹತ್ತಿರದ ಉತ್ತರ ಬಂದದ್ದು ತೆರೆಯಿಂದಲ್ಲ, ರಂಗದಿಂದ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಅದನ್ನು ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ, ಬಯಲಿನ ಹಲವು ರಂಗಗಳಲ್ಲಿ ಆಡಿಸಿದರು. ನೋಡುವವರು ಎದ್ದು ಒಂದು ರಂಗದಿಂದ ಇನ್ನೊಂದಕ್ಕೆ ನಡೆಯಬೇಕು. ಕಾಲು ನೋಯಿಸಿಕೊಂಡು ನಡೆದಾಗಷ್ಟೇ ಯಾರೂ ಕೇಂದ್ರವಲ್ಲ ಎಂಬುದು ಮೈಗೆ ಹತ್ತುತ್ತದೆ.

ಸಣ್ಣಕಥೆಯಿಂದ ಹೊರಟ ಚಿತ್ರದ ಸಮಸ್ಯೆ ಇದಕ್ಕೆ ತಲೆಕೆಳಗು. ಅಲ್ಲಿ ಉದುರಿಸುವುದಿಲ್ಲ, ಬೆಳೆಸಬೇಕು. ವೈದೇಹಿಯವರ ಕಥೆಯಲ್ಲಿ ‘ಗುಲಾಬಿ ಟಾಕೀಸು’ ನಿಜವಾಗಿಯೂ ಊರಿಗೆ ಬಂದ ಟಾಕೀಸು. ಕಾಸರವಳ್ಳಿಯವರ 2008ರ ಚಿತ್ರದಲ್ಲಿ ಗುಲಾಬಿ ಒಬ್ಬ ಸೂಲಗಿತ್ತಿಯ ಹೆಸರು, ಟಾಕೀಸು ಅವಳ ಗುಡಿಸಲಿಗೆ ಬಂದ ಬಣ್ಣದ ಟಿ.ವಿ., ಕಾಲ ಕಾರ್ಗಿಲ್ ಯುದ್ಧದ ಆಚೀಚೆ, ಅವಳು ಮುಸ್ಲಿಂ. ಕಥೆಯಲ್ಲಿದ್ದ ಒಂದು ಕುತೂಹಲವನ್ನು, ಹೆಂಗಸರು ಸೇರಿಕೊಂಡು ತೆರೆ ನೋಡುವಾಗ ಏನಾಗುತ್ತದೆ ಅನ್ನುವುದನ್ನು ಮಾತ್ರ ಬೀಜವಾಗಿ ಎತ್ತಿ ಬೇರೆ ನೆಲದಲ್ಲಿ ನೆಟ್ಟಿದ್ದಾರೆ. ಉಮಾಶ್ರೀ ಆ ಗುಲಾಬಿಯನ್ನು ಎತ್ತಿ ನಿಲ್ಲಿಸಿದರು. ಭೈರಪ್ಪನವರ ‘ನಾಯಿ ನೆರಳು’ ವಿಷಯದಲ್ಲೂ ಕಾಸರವಳ್ಳಿ ಮಾಡಿದ್ದು ಇಂಥದ್ದೇ. ಸತ್ತ ಗಂಡ ಮರುಹುಟ್ಟಿ ಬಂದ ಎಂದು ನಂಬಿದ ಮನೆಯಲ್ಲಿ ಪುನರ್ಜನ್ಮ ನಿಜವೇ ಎಂದು ಕೇಳುವ ಬದಲು ಆ ನಂಬಿಕೆ ವಿಧವೆ ವೆಂಕಟಲಕ್ಷ್ಮಿಗೆ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂದು ಕೇಳಿದರು. ಮೂಲಕ್ಕೆ ನಿಷ್ಠೆ ಎಂಬ ಅಳತೆಗೋಲು ಹಿಡಿದರೆ ಎರಡೂ ಫೇಲು. ಆದರೆ ಎರಡರಲ್ಲೂ ಪಾತ್ರಕ್ಕೆ ತನ್ನ ನೆಲೆ ಇದೆ, ಹಂಗಿಲ್ಲದೆ ನಿಲ್ಲುತ್ತದೆ.

ನಿಷ್ಠೆ ಮುರಿದದ್ದೆಲ್ಲ ಹೀಗೆ ಫಲಿಸುತ್ತದೆ ಎಂದೇನಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಕೂತು ನಾರಾಯಣರು ಬರೆದ ‘ದಿ ಗೈಡ್’ 1958ರದು. ವಿಜಯ್ ಆನಂದ್ ನಿರ್ದೇಶನದ ಹಿಂದಿ ಚಿತ್ರ ಬಂದದ್ದು 1965ರಲ್ಲಿ. ಮಾಲ್ಗುಡಿ ರಾಜಸ್ಥಾನಕ್ಕೆ ಹೋಯಿತು, ಅರಮನೆಗಳು ಬಂದವು. ನಾರಾಯಣರು ಬೇಸತ್ತು ಇದರ ಬಗ್ಗೆ ಒಂದು ಕೊಂಕಿನ ಪ್ರಬಂಧವನ್ನೇ ಬರೆದರು. ಊರು ಬದಲಾದದ್ದು ಕಣ್ಣಿಗೆ ಹೊಡೆಯುತ್ತದೆ, ಪಾತ್ರ ಬದಲಾದದ್ದು ಅಷ್ಟು ಬೇಗ ಕಾಣುವುದಿಲ್ಲ. ಪುಸ್ತಕದಲ್ಲಿ ನರ್ತಕಿ ರೋಸಿ ಗೈಡ್ ರಾಜುವಿನೊಡನೆ ಸಂಬಂಧ ಬೆಳೆಸುವಾಗ ಗಂಡ ಮಾರ್ಕೋ ಬೇರೆ ಹೆಂಗಸಿನ ಸಹವಾಸ ಮಾಡಿದವನಲ್ಲ. ಅವನ ತಪ್ಪು ಗುಹೆಯ ಗೋಡೆಗಳನ್ನು ನೋಡುವಷ್ಟು ಗಮನದಿಂದ ಹೆಂಡತಿಯನ್ನು ನೋಡದಿದ್ದದ್ದು. ರೋಸಿ ತಾನೇ ಬಾಯಿಬಿಟ್ಟು ಹೇಳುತ್ತಾಳೆ, ಅವನು ಅವಳನ್ನು ಬಿಟ್ಟು ಹೋಗುತ್ತಾನೆ. ಚಿತ್ರದಲ್ಲಿ ಮಾರ್ಕೋ ಇನ್ನೊಬ್ಬಳ ಜೊತೆ ಸಿಕ್ಕಿಬೀಳುತ್ತಾನೆ, ರೋಸಿ ಹೊರಡುವುದಕ್ಕೆ ಪರವಾನಗಿ ಸಿಗುತ್ತದೆ. 1965ರ ಪ್ರೇಕ್ಷಕರು ಕಾರಣವಿಲ್ಲದೆ ಮನೆ ಬಿಟ್ಟ ಹೆಂಡತಿಯನ್ನು ಒಪ್ಪಲಾರರು ಅನ್ನುವ ಅಳುಕು ಅದು. ವಹೀದಾ ರೆಹಮಾನರ ಕುಣಿತ ಎಷ್ಟು ಚೆಂದವೋ, ಅಷ್ಟೇ ನಿರಪರಾಧಿ ಅವರ ರೋಸಿ. ನಾರಾಯಣರ ರೋಸಿಗೆ ಯಾರ ಪರವಾನಗಿಯೂ ಇರಲಿಲ್ಲ, ಅದರ ಭಾರವನ್ನು ಅವಳೇ ಹೊತ್ತಿದ್ದಳು.

ರಾಜುವಿನ ಕೊನೆಯೂ ಹಾಗೇ. ಚಿತ್ರದಲ್ಲಿ ಮಳೆ ಬರಲೆಂದು ಉಪವಾಸ ಕೂತ ರಾಜುವಿಗಾಗಿ ಮಳೆ ಸುರಿಯುತ್ತದೆ, ಅವನು ಸಾಯುತ್ತಾನೆ, ಜನ ನೆನೆಯುತ್ತಾರೆ. ಪುಸ್ತಕದಲ್ಲಿ ಬತ್ತಿದ ಹೊಳೆಯ ಪಾತ್ರದಲ್ಲಿ ನಿಂತ ರಾಜು ಹಳ್ಳಿಯ ಭಕ್ತ ವೇಲನ್‌ಗೆ ಹೇಳುತ್ತಾನೆ, ದೂರದ ಬೆಟ್ಟದಲ್ಲಿ ಮಳೆಯಾಗುತ್ತಿದೆ, ಕಾಲಿಗೆ ಗೊತ್ತಾಗುತ್ತಿದೆ ಎಂದು. ಹೇಳಿ ಕುಸಿಯುತ್ತಾನೆ. ಮಳೆ ಬಂತೋ, ಹಸಿದ ಮೈಯ ಭ್ರಮೆಯೋ, ಕುಸಿದವನು ಎದ್ದನೋ, ನಾರಾಯಣರು ಅಲ್ಲಿಗೆ ಪುಸ್ತಕ ಮುಚ್ಚಿದ್ದಾರೆ.